ಮೆಣಸಿನ ದೋಣಿಗೆ ಯಾವ ದಾಳ? ಹೊಸ ಕ್ಯಾಂಪೇನ್‌ಗೆ ನಾವು ರೂಲ್ಸ್ ಆರಿಸಿದ ಬಗೆ

ಮೊದಲು ನಮ್ಮ ಮೇಜಿನ ಪರಿಸ್ಥಿತಿ ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದೆ ಉಳಿದದ್ದು ಅರ್ಥವಾಗುವುದು ಕಷ್ಟ. ಬೆಂಗಳೂರಿನಲ್ಲಿ ಆರು ಜನ ಸೇರಿ ರೋಲ್-ಪ್ಲೇಯಿಂಗ್ ಆಟ ಆಡುತ್ತೇವೆ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವುದು, ಮಾಡಹೊರಟದ್ದು ಆಯಿತೋ ಇಲ್ಲವೋ ಅಂತ ದಾಳ ಹಾಕಿ ನೋಡುವುದು. ತಿಂಗಳುಗಟ್ಟಲೆ ನಡೆಯುವ ಅಂಥ ಒಂದು ಕತೆಗೆ ಕ್ಯಾಂಪೇನ್ ಅನ್ನುತ್ತಾರೆ. ತಿಂಗಳಿಗೆ ಎರಡು ಭಾನುವಾರ, ಊಟ ಮುಗಿದ ಮೇಲೆ ಮೂರೂವರೆ ಗಂಟೆ ಆಟ. ಆಟ ನಡೆಸುವ ಜಿಎಂ ನಾನು. ಆಡುವವರಲ್ಲಿ ಇಬ್ಬರು ಗಂಡ ಹೆಂಡತಿ, ಸಾಫ್ಟ್‌ವೇರ್‌ನವರು. ಒಬ್ಬರು ಬ್ಯಾಂಕಿನಲ್ಲಿದ್ದಾರೆ. ಒಬ್ಬರು ಕುಮಟಾ ಕಡೆಯ ಕನ್ನಡ ಮೇಷ್ಟ್ರು. ಇನ್ನೊಬ್ಬಳು ನನ್ನ ದೊಡ್ಡಮ್ಮನ ಮಗಳು, ಆಸ್ಪತ್ರೆಯಲ್ಲಿ ನರ್ಸ್. ಅಕ್ಕನಿಗೆ ಶಿಫ್ಟ್ ಡ್ಯೂಟಿ, ಎರಡು ಸಲಕ್ಕೊಮ್ಮೆ ಬರುವುದಕ್ಕೇ ಆಗುವುದಿಲ್ಲ. ಮೇಜಿನ ಮಾತೆಲ್ಲ ಕನ್ನಡದಲ್ಲೇ. ಈ ಕೊನೆಯ ಎರಡು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಕೆಲಸಕ್ಕೆ ಬರುತ್ತವೆ.

ಹದಿನಾಲ್ಕು ತಿಂಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಐದನೇ ಆವೃತ್ತಿ ಆಡಿದ್ದೆವು. 1974ರಲ್ಲಿ ಶುರುವಾದ ಆಟದ 2014ರ ರೂಪ ಅದು. ಏಳನೇ ಲೆವೆಲ್‌ಗೆ ಕತೆ ಮುಗಿಯಿತು. ಖುಷಿಯಾಗಿಯೇ ಮುಗಿಯಿತು. ಆಮೇಲೆ ಚಹಾ ಕುಡಿಯುತ್ತಾ ಮೇಷ್ಟ್ರು ಒಂದು ಮಾತು ಹೇಳಿದರು. "ಎಲ್ಲಿಯದೋ ಕೋಟೆ, ಎಲ್ಲಿಯದೋ ಕಾಡು ಸುತ್ತಿದ್ದಾಯ್ತು. ನಮ್ಮ ಶರಾವತಿ ಅಳಿವೆಯಲ್ಲಿ ಒಂದು ದೋಣಿ ಬಿಡೋಣ್ವಾ?"

ಅವರು ಹೇಳಿದ್ದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲ. ಕರಿಮೆಣಸಿನ ವ್ಯಾಪಾರದ ಮೇಲೆ ನಿಂತ ರಾಜ್ಯ, ಪೋರ್ಚುಗೀಸರೇ ಆಕೆಯನ್ನು ಮೆಣಸಿನ ರಾಣಿ ಎಂದು ಕರೆದಿದ್ದರು. 1510ರಿಂದ ಗೋವಾ ಅವರ ಕೈಯಲ್ಲಿದೆ. 1565ರಲ್ಲಿ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿದೆ. ಸಮುದ್ರಕ್ಕೆ ಇಳಿಯುವ ವ್ಯಾಪಾರಿ ಹಡಗು ಪೋರ್ಚುಗೀಸರಿಂದ ಕಾರ್ಟಾಜ್ ಎಂಬ ರಹದಾರಿ ಪತ್ರ ಪಡೆಯಬೇಕು, ಇಲ್ಲದಿದ್ದರೆ ಸರಕು ಜಪ್ತಿ. ನಮ್ಮ ಕತೆಯ ಇಸವಿ 1568. ಮರುವರ್ಷ ಹೊನ್ನಾವರ ಪೋರ್ಚುಗೀಸರ ಪಾಲಾಗುತ್ತದೆ, ಅದು ಆಡುವವರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಘಟ್ಟದ ಮೇಲಿಂದ ಹೇರೆತ್ತಿನ ಮೇಲೆ ಬಂದ ಮೆಣಸನ್ನು ರಹದಾರಿ ಇಲ್ಲದೆ ದಾಟಿಸುವ ಒಂದು ಗುಂಪು. ಅದು ನಾವು.

ಇಷ್ಟಾದ ಮೇಲೆ ರೂಲ್ಸ್ ಪ್ರಶ್ನೆ. ಬ್ಯಾಂಕಿನವರು ತಕ್ಷಣ ಹೇಳಿದರು: "ಡಿ ಅಂಡ್ ಡಿ ಎಲ್ಲರಿಗೂ ಬರುತ್ತೆ. ಹೆಸರು ಬದಲಾಯಿಸಿದರೆ ಸಾಕು, ಹೊಸದೇನು ಕಲಿಯೋದು?" ಈ ಮಾತನ್ನು ನಾನು ತಳ್ಳಿಹಾಕಲಿಲ್ಲ, ಯಾರೂ ತಳ್ಳಿಹಾಕಬಾರದು. ಪುಸ್ತಕ ಇದೆ, ದಾಳ ಇದೆ, ಆರು ಜನಕ್ಕೂ ಅಭ್ಯಾಸ ಇದೆ. ತಿಂಗಳಿಗೆ ಏಳು ಗಂಟೆ ಆಡುವವರಿಗೆ ಹೊಸ ರೂಲ್ಸ್ ಕಲಿಯುವ ಹೊತ್ತು ಪುಕ್ಕಟೆ ಬರುವುದಿಲ್ಲ. ನನ್ನ ತಕರಾರು ಬೇರೆ ಇತ್ತು. ಹಿಂದಿನ ಕ್ಯಾಂಪೇನ್‌ನ ಕೊನೆಯ ಕಾಳಗ ಎರಡು ಗಂಟೆ ನಲವತ್ತು ನಿಮಿಷ ನಡೆದಿತ್ತು. ಚೆನ್ನಾಗಿಯೇ ಇತ್ತು, ಆದರೆ ಆವತ್ತು ಪಾತ್ರಗಳು ಒಬ್ಬರಿಗೊಬ್ಬರು ಆಡಿದ ಮಾತು ಎಷ್ಟು ಅಂತ ಯೋಚಿಸಿದರೆ ಹತ್ತು ವಾಕ್ಯ ಕೂಡ ನೆನಪಿಗೆ ಬರುವುದಿಲ್ಲ. ರೂಲ್ಸ್ ಯಾವುದರ ಬಗ್ಗೆ ಜಾಸ್ತಿ ಮಾತಾಡುತ್ತದೋ ಮೇಜು ಕೂಡ ಅದರ ಬಗ್ಗೆಯೇ ಜಾಸ್ತಿ ಮಾತಾಡುತ್ತದೆ.

ಹಾಗಾಗಿ ಸಿಸ್ಟಮ್‌ಗಳ, ಅಂದರೆ ಬೇರೆ ಬೇರೆ ರೂಲ್ಸ್ ಪುಸ್ತಕಗಳ, ಹೆಸರು ಎತ್ತುವ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಮೂರು ತಿಂಗಳ ನಂತರ ನಿಮ್ಮ ಪಾತ್ರದ ಒಂದೇ ಒಂದು ಘಟನೆ ಯಾರಿಗಾದರೂ ಹೇಳಬೇಕು ಅಂದರೆ ಏನು ಹೇಳಲು ಇಷ್ಟ? ಒಂದೇ ವಾಕ್ಯ ಬರೆಯಿರಿ.

ಅಕ್ಕ ಬರೆದಳು: "ಸಿಕ್ಕಿಬಿದ್ದೆ ಅನ್ನುವಷ್ಟರಲ್ಲಿ ತಪ್ಪಿಸಿಕೊಂಡೆ." ಮೇಷ್ಟ್ರು: "ಮಳೆಗಾಲದಲ್ಲಿ ಒಂದು ಮೂಟೆಯೂ ನೆನೆಯದ ಹಾಗೆ ಘಟ್ಟ ಇಳಿಸಿದೆ." ಸಾಫ್ಟ್‌ವೇರ್ ಗಂಡ: "ಪರಂಗಿ ಅಧಿಕಾರಿಗೆ ಅವನದೇ ಮೆಣಸನ್ನು ಎರಡು ಸಲ ಮಾರಿದೆ." ಹೆಂಡತಿ: "ನಾನು ಮಾಡಿದ ತಪ್ಪಿಗೆ ಎಲ್ಲರೂ ದಂಡ ಕಟ್ಟಿದರು, ಆದರೂ ನನ್ನನ್ನು ಬಿಡಲಿಲ್ಲ." ಬ್ಯಾಂಕಿನವರು: "ದೋಣಿಯ ಮೇಲೆ ಮೂವರ ಎದುರು ಕತ್ತಿ ಹಿಡಿದು ನಿಂತೆ."

ಐದರಲ್ಲಿ ಒಂದೇ ಚೀಟಿ ಕಾಳಗದ್ದು. ಉಳಿದವೆಲ್ಲ ನುಸುಳುವುದು, ಮೋಸ, ಪ್ರಯಾಣ, ಋಣ. ಒಂದು ತಿಂಗಳು ಚರ್ಚೆ ಮಾಡಿದ್ದರೂ ಇಷ್ಟು ಸ್ಪಷ್ಟ ಉತ್ತರ ಸಿಗುತ್ತಿರಲಿಲ್ಲ.

ಇನ್ನು ಪಟ್ಟಿ. ಕೆಲವನ್ನು ಬೇಗ ಬಿಟ್ಟೆ. 1986ರ ಗರ್ಪ್ಸ್ ಇತಿಹಾಸದ ಕತೆಗಳಿಗೆ ಹೇಳಿ ಮಾಡಿಸಿದ್ದು, ಆರು ಮುಖದ ಮೂರು ದಾಳ ಹಾಕಿ ನಿಮ್ಮ ಕೌಶಲದ ಅಂಕಿಯ ಒಳಗೆ ಬೀಳಬೇಕು, ಅಷ್ಟೇ. ಆದರೆ ಪಾಯಿಂಟ್ ಲೆಕ್ಕ ಹಾಕಿ ಒಂದು ಪಾತ್ರ ಕಟ್ಟಲು ನನಗೆ ಒಂದು ಸಂಜೆ ಹಿಡಿಯಿತು, ಮತ್ತು ನಮ್ಮ ಐದು ಜನರಲ್ಲಿ ಮೂವರು ರೂಲ್ಸ್ ಪುಸ್ತಕ ಓದುವವರೇ ಅಲ್ಲ. ಕಾಲ್ ಆಫ್ ಕ್ತುಲು ಕೂಡ ನೋಡಿದೆ. ಶೇಕಡಾ ಲೆಕ್ಕ, ಯಾರಿಗೂ ಪಾಠ ಹೇಳಬೇಕಾಗಿಲ್ಲ. ಆದರೆ ಅದರ ಜೀವ ಇರುವುದು ಭಯ ಮತ್ತು ಪತ್ತೇದಾರಿಕೆಯಲ್ಲಿ. ಕೊನೆಗೆ ಉಳಿದದ್ದು ನಾಲ್ಕು: ಡಿ ಅಂಡ್ ಡಿ, ಸ್ಯಾವೇಜ್ ವರ್ಲ್ಡ್ಸ್, ಫೇಟ್, ಬ್ಲೇಡ್ಸ್ ಇನ್ ದಿ ಡಾರ್ಕ್.

ಈ ಕೆಲಸದಲ್ಲಿ ನಾನು ಬಲವಾಗಿ ನಂಬುವ ಭಾಗ ಈಗ ಬರುತ್ತದೆ. ನಾವು ಪುಸ್ತಕ ಹೋಲಿಸಲಿಲ್ಲ. ಒಂದೇ ದೃಶ್ಯವನ್ನು ನಾಲ್ಕೂ ರೂಲ್ಸ್‌ನಲ್ಲಿ ಆಡಿ ನೋಡಿದೆವು. ಅಮಾವಾಸ್ಯೆ ಹತ್ತಿರದ ರಾತ್ರಿ, ಒಂದು ದೋಣಿ, ಹನ್ನೆರಡು ಮೂಟೆ ಮೆಣಸು, ಅಳಿವೆಯ ಬಾಯಲ್ಲಿ ಪಂಜು ಹಿಡಿದ ಪಹರೆ ದೋಣಿ, ಅದರಲ್ಲಿ ನಾಲ್ಕು ಜನ. ಇಳಿತ ಶುರುವಾಗುವ ಮೊದಲು ದಾಟಬೇಕು, ಇಲ್ಲದಿದ್ದರೆ ದೋಣಿ ಮರಳಿನಲ್ಲಿ ಕೂರುತ್ತದೆ. ಪಾತ್ರಗಳೂ ಅವೇ. ಎರಡು ಭಾನುವಾರ, ಒಂದೊಂದು ಸಿಸ್ಟಮ್‌ಗೆ ಒಂದೂವರೆ ಗಂಟೆ. ನೋಟ್‌ಬುಕ್‌ನಲ್ಲಿ ಮೂರೇ ವಿಷಯ ಬರೆದುಕೊಂಡೆ. ಎಷ್ಟು ಸಲ ಪುಸ್ತಕ ತೆಗೆದೆವು, ಯಾರು ಹತ್ತು ನಿಮಿಷಕ್ಕಿಂತ ಜಾಸ್ತಿ ಸುಮ್ನೆ ಕೂತಿದ್ದರು, ದಾಳ ಬಿದ್ದ ಮೇಲೆ ಯಾವುದರ ಬಗ್ಗೆ ಮಾತಾಡಿದೆವು.

ಡಿ ಅಂಡ್ ಡಿಯಲ್ಲಿ ಮೊದಲ ತೊಡಕು ದೃಶ್ಯ ಶುರುವಾಗುವ ಮುಂಚೆಯೇ ಬಂತು. ನಮ್ಮ ಕತೆಯಲ್ಲಿ ಮಂತ್ರ ಇಲ್ಲ. 2014ರ ಪುಸ್ತಕದ ಹನ್ನೆರಡು ಕ್ಲಾಸ್‌ಗಳಲ್ಲಿ, ಅಂದರೆ ಪಾತ್ರದ ಬಗೆಗಳಲ್ಲಿ, ಎಂಟು ಮಂತ್ರ ಬಳಸುವಂಥವು. ಉಳಿದ ನಾಲ್ಕರಲ್ಲೇ ಐದು ಜನ ಹಂಚಿಕೊಳ್ಳಬೇಕು. ಸರಿ, ಹಂಚಿಕೊಂಡೆವು. ಸದ್ದಿಲ್ಲದೆ ದಾಟಲು ಎಲ್ಲರೂ 20 ಮುಖದ ದಾಳ ಹಾಕಿದರು, ಅರ್ಧ ಜನ ಗೆದ್ದರೆ ಗುಂಪು ಗೆದ್ದಂತೆ. ಐವರಲ್ಲಿ ಇಬ್ಬರೇ ಗೆದ್ದರು, ಪಹರೆಯವರಿಗೆ ಸುಳಿವು ಸಿಕ್ಕಿತು, ಅಲ್ಲಿಂದ ಕಾಳಗ. ಮೂರು ಸುತ್ತಿಗೆ 35 ನಿಮಿಷ. ಇಳಿತ, ಮರಳು, ಮೂಟೆ ಎಲ್ಲ ಮರೆತೇಹೋಯಿತು. ಬ್ಯಾಂಕಿನವರು ಮಾತ್ರ ಬಹಳ ಸಂತೋಷವಾಗಿದ್ದರು, ಅದನ್ನೂ ಬರೆದುಕೊಂಡೆ. ನನಗೆ ಇನ್ನೊಂದು ಚಿಂತೆ ಇತ್ತು. ಹತ್ತನೇ ಲೆವೆಲ್‌ಗೆ ಬಂದ ಫೈಟರ್‌ಗೆ ಸುಮಾರು 84 ಹಿಟ್ ಪಾಯಿಂಟ್ ಇರುತ್ತದೆ, ಅಂದರೆ ಏಟು ಬಿದ್ದಂತೆ ಕಡಿಮೆಯಾಗುವ ಜೀವದ ಅಂಕಿ, ಪಹರೆಯವನ ಚೂರಿಯ ಏಟಿಗೆ ನಾಲ್ಕು ಮುಖದ ದಾಳ. ಕಳ್ಳಸಾಗಣೆಯ ಕತೆಯಲ್ಲಿ ಚೂರಿ ಕಂಡರೆ ಕೊನೆಯ ದಿನದವರೆಗೂ ಭಯ ಇರಬೇಕು.

ಸ್ಯಾವೇಜ್ ವರ್ಲ್ಡ್ಸ್ ನಮ್ಮ ಮೇಜಿಗೆ ಎಷ್ಟು ಬೇಗ ಹಿಡಿಯಿತು ಅಂದರೆ ನಾನೇ ಬೆರಗಾದೆ. ನಿಮ್ಮ ಕೌಶಲದ ದಾಳ ಒಂದು, ಜೊತೆಗೆ ಆರು ಮುಖದ ವೈಲ್ಡ್ ದಾಳ ಒಂದು, ಯಾವುದರಲ್ಲಾದರೂ 4 ಬಂದರೆ ಗೆದ್ದಿರಿ. ಕೌಶಲವೂ ಆರು ಮುಖದ್ದಾಗಿದ್ದರೆ ನೂರಕ್ಕೆ 75 ಗೆಲುವು. ಕಾಳಗದಲ್ಲಿ ಯಾರು ಮೊದಲು ಅನ್ನುವುದನ್ನು ಇಸ್ಪೀಟು ಎಲೆ ಹಂಚಿ ತೀರ್ಮಾನಿಸುತ್ತಾರೆ, ಅದು ಎಲ್ಲರಿಗೂ ಭಾರಿ ಇಷ್ಟವಾಯಿತು. ಬಿದ್ದ ದಾಳವನ್ನು ಮತ್ತೆ ಹಾಕಲು ಬಳಸುವ ಬೆನ್ನಿ ಎಂಬ ಟೋಕನ್ ಬದಲು ಹುಣಸೆ ಬೀಜ ಇಟ್ಟುಕೊಂಡೆವು, ತಲೆಗೆ ಮೂರು. ದಾಳದಲ್ಲಿ ಅತಿ ದೊಡ್ಡ ಅಂಕಿ ಬಿದ್ದರೆ ಮತ್ತೆ ಹಾಕಿ ಕೂಡಿಸಬಹುದು. ಬ್ಯಾಂಕಿನವರ ದಾಳ ಹಾಗೆ ಮೂರು ಸಲ ಬಿತ್ತು, ಪಹರೆಯ ನಾಯಕ ಮೊದಲ ಏಟಿಗೇ ನೀರಿಗೆ ಬಿದ್ದ. ಚಪ್ಪಾಳೆ ಬಿತ್ತು. ಆದರೆ ಅಕ್ಕ ಆಮೇಲೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು: "ನಾವೆಲ್ಲ ಹೀರೋಗಳ ಥರ ಇದ್ವಿ. ಬಡಪಾಯಿಗಳ ಥರ ಅನ್ನಿಸಲೇ ಇಲ್ಲ." ಚೀಟಿಗಳಲ್ಲಿ ಇನ್ನೆರಡು ಕಾಳಗ ಇದ್ದಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ.

ಫೇಟ್‌ನಲ್ಲಿ ಪಾತ್ರದ ಬಗ್ಗೆ ಬರೆದ ವಾಕ್ಯಗಳೇ ಬಲ. ಕನ್ನಡದಲ್ಲಿ ಬರೆದಾಗ ಅವು ಬಹಳ ಚೆನ್ನಾಗಿ ಕಂಡವು: "ಅಳಿವೆಯ ನೀರು ಬಲ್ಲವಳು", "ತೀರದ ಸಾಲದ ಮನೆ". ಮೇಷ್ಟ್ರು ಇದಕ್ಕೆ ಮನಸೋತರು. ಇದರ ದಾಳದಲ್ಲಿ ಕೂಡು, ಕಳೆ, ಖಾಲಿ ಮುಖಗಳಿರುತ್ತವೆ. ನಮ್ಮಲ್ಲಿ ಇರಲಿಲ್ಲ, ಮಾಮೂಲಿ ದಾಳದಲ್ಲಿ 1-2 ಬಿದ್ದರೆ ಕಳೆ, 3-4 ಖಾಲಿ, 5-6 ಕೂಡು ಎಂದುಕೊಂಡೆವು. ನಾಲ್ಕು ದಾಳ ಸೇರಿ ನೂರರಲ್ಲಿ 63 ಸಲ ಫಲ −1ರಿಂದ +1ರ ಒಳಗೇ ಬೀಳುತ್ತದೆ. ಅಂದರೆ ಗೆಲುವನ್ನು ನಿರ್ಧರಿಸುವುದು ಹೆಚ್ಚಾಗಿ ಆ ವಾಕ್ಯಗಳು ಮತ್ತು ಅವನ್ನು ಬಳಸಲು ಖರ್ಚು ಮಾಡುವ ಫೇಟ್ ಪಾಯಿಂಟ್‌ಗಳು. ಆ ವಾಕ್ಯ ಇಲ್ಲಿ ಅನ್ವಯಿಸುತ್ತದೋ ಇಲ್ಲವೋ ಅಂತ ವಾದಿಸಲು ಬಾಯಿ ಇರುವವರಿಗೆ ಇದು ಹಬ್ಬ. ಸಾಫ್ಟ್‌ವೇರ್ ಹೆಂಡತಿ ಮತ್ತು ಬ್ಯಾಂಕಿನವರು ಹತ್ತು ನಿಮಿಷಕ್ಕಿಂತ ಜಾಸ್ತಿ ಸುಮ್ನೆ ಕೂತಿದ್ದು ನೋಟ್‌ಬುಕ್‌ನಲ್ಲಿದೆ, ಅದೂ ಎರಡು ಸಲ.

ಇನ್ನು ಬ್ಲೇಡ್ಸ್. ಜಾನ್ ಹಾರ್ಪರ್ ಬರೆದದ್ದು, 2017ರಲ್ಲಿ ಪುಸ್ತಕವಾಗಿ ಬಂತು. ಆರು ಮುಖದ ದಾಳಗಳು ಮಾತ್ರ. ಆ ಕೆಲಸಕ್ಕೆ ಪಾತ್ರದ ಹಾಳೆಯಲ್ಲಿ ಎಷ್ಟು ಚುಕ್ಕೆ ಇದೆಯೋ ಅಷ್ಟು ದಾಳ ಹಾಕಿ, ಅದರಲ್ಲಿ ದೊಡ್ಡದನ್ನು ನೋಡುವುದು. 6 ಬಂದರೆ ಪೂರ್ತಿ ಗೆಲುವು. 4 ಅಥವಾ 5 ಬಂದರೆ ಕೆಲಸ ಆಗುತ್ತದೆ, ಆದರೆ ಏನೋ ಒಂದು ತೊಂದರೆ ಬರುತ್ತದೆ. 3ರ ಒಳಗಾದರೆ ಕೆಟ್ಟಿತು. ಎರಡು ದಾಳ ಇದ್ದವರಿಗೆ ನೂರರಲ್ಲಿ 25 ಸೋಲು, 31 ಪೂರ್ತಿ ಗೆಲುವು, ಉಳಿದ 44 ಆ ನಡುವಿನದು. ಕಳ್ಳಸಾಗಣೆಯ ಬದುಕು ಇರುವುದೇ ಆ 44ರಲ್ಲಿ.

ಆವತ್ತು ನಡೆದದ್ದನ್ನು ಹಾಗೇ ಬರೆಯುತ್ತೇನೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ವೃತ್ತ ಬರೆದು ಆರು ಭಾಗ ಮಾಡಿದೆ. ಅದು ಇಳಿತದ ಗಡಿಯಾರ, ತುಂಬಿದರೆ ದೋಣಿ ಮರಳಿನಲ್ಲಿ ಕೂರುತ್ತದೆ. ಮೂರು ಭಾಗ ಪೆನ್ಸಿಲ್‌ನಲ್ಲಿ ತುಂಬಿದ ಹೊತ್ತಿಗೆ ಪಹರೆ ದೋಣಿ ಎದುರು ಬಂತು. ಅಕ್ಕನ ಪಾತ್ರ ನಾಗಿ, ಆಚೆ ದಡದ ಮೀನುಗಾರ್ತಿ. ಅಕ್ಕ ಕೇಳಿದಳು:

"ಆ ದೋಣಿಯಲ್ಲಿ ಪರಂಗಿಯವರ ಜೊತೆ ನಮ್ಮೂರಿನ ದುಭಾಷಿ ಒಬ್ಬ ಇರ್ತಾನೆ ಅಲ್ವಾ?"

"ಇರ್ತಾನೆ."

"ಅವನ ತಂಗಿ ಮದುವೆಗೆ ಹೋದ ವಾರ ಮೀನು ಕೊಟ್ಟಿದ್ದು ನಾನೇ. ದುಡ್ಡು ತಗೊಂಡಿಲ್ಲ."

ಬ್ಲೇಡ್ಸ್‌ನಲ್ಲಿ ಇದಕ್ಕೆ ಅವಕಾಶ ಇದೆ. ಫ್ಲ್ಯಾಶ್‌ಬ್ಯಾಕ್ ಅನ್ನುತ್ತಾರೆ. ಆಗಲೇ ಮಾಡಿಟ್ಟಿದ್ದೆ ಅಂತ ಈಗ ಹೇಳಬಹುದು, ಎಷ್ಟು ಕಷ್ಟದ ಕೆಲಸವೋ ಅಷ್ಟು ಸ್ಟ್ರೆಸ್ ಗುರುತು ಹಾಕಿಕೊಳ್ಳಬೇಕು. ಒಟ್ಟು ಒಂಬತ್ತು ಮನೆ ಇರುತ್ತದೆ, ತುಂಬಿದರೆ ಪಾತ್ರದ ಮೇಲೆ ಶಾಶ್ವತ ಗಾಯ. ಅಕ್ಕ ಒಂದು ಮನೆ ತುಂಬಿದಳು, ಎರಡು ದಾಳ ಹಾಕಿದಳು. 2 ಮತ್ತು 4. ದುಭಾಷಿ ಪಂಜು ಎತ್ತಿ ನೋಡಿದ, ಅವರ ಭಾಷೆಯಲ್ಲಿ "ಮೀನಿನ ದೋಣಿ" ಅಂದ, ಆದರೆ ಅವನ ಕಣ್ಣು ಮೂಟೆಗಳ ಮೇಲೆ ಹೋಯಿತು. ನಾಳೆ ಪಾಲು ಕೇಳಲು ಬರುತ್ತಾನೆ. ನಾನು ಪಕ್ಕದಲ್ಲಿ ಇನ್ನೊಂದು ಸಣ್ಣ ವೃತ್ತ ಬರೆದೆ, ನಾಲ್ಕು ಭಾಗದ್ದು: ದುಭಾಷಿಯ ಬಾಯಿ. ಮೇಜು ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಐದೂ ಜನ ಒಟ್ಟಿಗೆ ಮಾತಾಡಿದರು.

ಪುಸ್ತಕ ತೆಗೆದದ್ದು ಎರಡೇ ಸಲ. ಹತ್ತು ನಿಮಿಷ ಸುಮ್ನೆ ಕೂತವರು ಯಾರೂ ಇಲ್ಲ. ನಾಲ್ಕು ಮತ ಬ್ಲೇಡ್ಸ್‌ಗೆ ಬಿತ್ತು. ಬ್ಯಾಂಕಿನವರು ಸ್ಯಾವೇಜ್ ವರ್ಲ್ಡ್ಸ್ ಅಂದರು, ಆದರೆ ಒಪ್ಪಿಕೊಂಡರು.

ಮತ ಬಿಟ್ಟು ಬೇರೆ ಕಾರಣಗಳೂ ಇದ್ದವು. ಬ್ಲೇಡ್ಸ್‌ನಲ್ಲಿ ಒಂದು ಸೆಷನ್ ಅಂದರೆ ಹೆಚ್ಚುಕಡಿಮೆ ಒಂದು ದಂಧೆ, ಶುರುವಾಗಿ ಮುಗಿಯುತ್ತದೆ. ಅಕ್ಕನಿಗೆ ಡ್ಯೂಟಿ ಬಿದ್ದರೆ ನಾಗಿ ಆವತ್ತು ಮೀನಿಗೆ ಹೋಗಿದ್ದಾಳೆ, ಕತೆ ಕುಂಟುವುದಿಲ್ಲ. ಅದರಲ್ಲಿ ಗುಂಪಿಗೂ ಒಂದು ಶೀಟ್ ಇದೆ, ಆರು ಬಗೆಯ ಗುಂಪುಗಳಲ್ಲಿ ಕಳ್ಳಸಾಗಣೆಯವರದ್ದೇ ಒಂದು ಬಗೆ. ದಂಧೆಗೆ ಹೊರಡುವ ರೀತಿಗಳಲ್ಲಿ ಸಾಗಾಟ ಎಂದೇ ಒಂದಿದೆ, ದಾರಿ ಯಾವುದು, ಯಾವುದರಲ್ಲಿ ಹೋಗುತ್ತೀರಿ ಎಂದು ಹೇಳಿದರೆ ಆಟ ಶುರು. ಊರಿನ ಪ್ರತಿ ಬಣದ ಜೊತೆ ನಮ್ಮ ಸಂಬಂಧಕ್ಕೆ −3ರಿಂದ +3ರವರೆಗೆ ಅಂಕಿ ಇದೆ. ರಾಣಿಯ ಅಧಿಕಾರಿಗಳು, ಭಟ್ಕಳದ ವ್ಯಾಪಾರಿಗಳು, ಗೋವಾದ ಪರಂಗಿಗಳು, ಘಟ್ಟದ ಮೇಲಿನ ಹೇರೆತ್ತಿನವರು, ಎಲ್ಲರನ್ನೂ ಒಂದೇ ಹಾಳೆಯಲ್ಲಿ ಹಿಡಿಯಬಹುದಾಯಿತು.

ಬದಲಾಯಿಸಬೇಕಾದದ್ದೂ ಸಾಕಷ್ಟು ಇತ್ತು. ಮೂಲ ಆಟ ನಡೆಯುವುದು ಡಾಸ್ಕ್‌ವೋಲ್ ಎಂಬ ಕಲ್ಪನೆಯ ಊರಿನಲ್ಲಿ, ಅಲ್ಲಿ ಸದಾ ಕತ್ತಲೆ, ದೆವ್ವಗಳು. ಏಳು ಬಗೆಯ ಪಾತ್ರಗಳಲ್ಲಿ ದೆವ್ವದ ಜೊತೆ ವ್ಯವಹರಿಸುವ ಒಂದನ್ನು ತೆಗೆದೆ. ಹನ್ನೆರಡು ಕ್ರಿಯೆಗಳಲ್ಲಿ ಅದಕ್ಕೇ ಸೇರಿದ ಒಂದರ ಜಾಗದಲ್ಲಿ "ನೀರು" ಅಂತ ಹಾಕಿದೆ: ಅಲೆ, ಉಬ್ಬರ, ಮರಳು ದಿಬ್ಬ ಓದುವ ಕೌಶಲ. ಎರಡು ವಾರಾಂತ್ಯ ಹಿಡಿಯಿತು.

ಅದಕ್ಕಿಂತ ಮುಖ್ಯವಾದದ್ದು ಪದಗಳು. ಆಟದ ನಡುವೆ ಇಂಗ್ಲಿಷ್ ಪದ ಬಂದಾಗಲೆಲ್ಲ ನಾವು ಪಾತ್ರದಿಂದ ಹೊರಗೆ ಬರುತ್ತಿದ್ದೆವು, ಹಿಂದಿನ ಕ್ಯಾಂಪೇನ್‌ನಲ್ಲಿ ಇದು ನನ್ನನ್ನು ತುಂಬಾ ಕಾಡಿತ್ತು. ಬ್ಲೇಡ್ಸ್‌ನಲ್ಲಿ ಪ್ರತಿ ಸಲ ದಾಳ ಹಾಕುವ ಮುಂಚೆ ಅಪಾಯ ಎಷ್ಟು ಅಂತ ಜಿಎಂ ಹೇಳಬೇಕು, ಮೂರು ಮಟ್ಟ ಇದೆ. ನಾವು "ಹಿಡಿತದಲ್ಲಿದೆ", "ಅಪಾಯ ಇದೆ", "ಕುತ್ತಿಗೆಗೆ ಬಂದಿದೆ" ಅಂದುಕೊಂಡೆವು. ಸ್ಟ್ರೆಸ್ಸಿಗೆ "ಸುಸ್ತು". ಫ್ಲ್ಯಾಶ್‌ಬ್ಯಾಕ್‌ಗೆ ಬರೀ "ಆಗಲೇ". ಒಂದು ದಾಳ ಹೆಚ್ಚಿಗೆ ಪಡೆದು ಬದಲಿಗೆ ತೊಂದರೆಯೊಂದನ್ನು ಒಪ್ಪಿಕೊಳ್ಳುವುದಕ್ಕೆ "ಋಣ". ಮೂರನೇ ಸೆಷನ್‌ನಲ್ಲಿ ಸಾಫ್ಟ್‌ವೇರ್ ಹೆಂಡತಿ "ಕುತ್ತಿಗೆಗೆ ಬಂದಿದೆ, ಆದರೂ ಒಂದು ಋಣ ತಗೋತೀನಿ" ಅಂದಾಗ ಅದು ರೂಲ್ಸ್ ಅನ್ನಿಸಲಿಲ್ಲ, ಆ ಪಾತ್ರದ ಮಾತೇ ಅನ್ನಿಸಿತು.

ಆಟ ಶುರುವಾಗುವ ಮುಂಚಿನ ಮಾತುಕತೆಯಲ್ಲಿ ಮೂರು ವಿಷಯ ಗಟ್ಟಿ ಮಾಡಿಕೊಂಡೆವು. ಚಿತ್ರಹಿಂಸೆಯ ದೃಶ್ಯ ಬೇಡ, ಇದು ಅಕ್ಕನ ಮಾತು, ದಿನಾ ಗಾಯ ನೋಡುವವಳು ಅವಳು. ಜಾತಿ, ಮತಾಂತರ ಆ ಕಾಲದಲ್ಲಿ ಇದ್ದವು, ಕತೆಯಲ್ಲೂ ಇರುತ್ತವೆ, ಆದರೆ ಯಾರನ್ನೂ ಹೀಯಾಳಿಸಲು ಅಲ್ಲ. ರಾಣಿ ಮೇಜಿಗೆ ಬರುವುದಿಲ್ಲ. ಅವರ ಮುದ್ರೆ ಬರುತ್ತದೆ, ಅಧಿಕಾರಿಗಳು ಬರುತ್ತಾರೆ. ನಿಜವಾಗಿ ಬದುಕಿದ್ದ ಆ ಹೆಣ್ಣುಮಗಳ ಬಾಯಲ್ಲಿ ನನ್ನ ಮಾತು ಹಾಕಲು ನನಗೆ ಮನಸ್ಸಾಗಲಿಲ್ಲ.

ಈಗ ಒಂಬತ್ತು ಸೆಷನ್ ಆಗಿದೆ. ಎಲ್ಲವೂ ಸಲೀಸಾಗಿಲ್ಲ. ನಾಲ್ಕನೇ ಸೆಷನ್‌ಗೆ ನಾನು ಬರಿದಾದೆ. ನೂರಕ್ಕೆ 44 ಸಲ "ಆಯ್ತು, ಆದರೆ" ಅನ್ನಬೇಕು ಅಂದರೆ ಪ್ರತಿ ಸಲ ಹೊಸ ತೊಂದರೆ ಹುಟ್ಟಿಸಬೇಕು, ಸಂಜೆ ಹೊತ್ತಿಗೆ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಈಗ ಪ್ರತಿ ದಂಧೆಗೂ ಮುಂಚೆಯೇ ಎಂಟು ತೊಂದರೆ ಬರೆದಿಟ್ಟುಕೊಳ್ಳುತ್ತೇನೆ: ಮೂಟೆ ಹರಿಯಿತು, ಗುರುತು ಹಿಡಿದರು, ನಾಯಿ ಬೊಗಳಿತು, ಸಾಲ ಕೊಟ್ಟವನು ಎದುರಾದ. ಏನೂ ತೋಚದಿದ್ದರೆ ಗಡಿಯಾರದ ಒಂದು ಭಾಗ ತುಂಬಿ ಮುಂದೆ ಹೋಗುತ್ತೇನೆ. ಸಾಫ್ಟ್‌ವೇರ್ ಗಂಡ ಒಂದೇ ದಂಧೆಯಲ್ಲಿ ನಾಲ್ಕು ಸಲ "ಆಗಲೇ" ಅಂದರು, ಅದು ನನ್ನ ತಪ್ಪೇ, ಎಲ್ಲಕ್ಕೂ ಸೊನ್ನೆ ಅಥವಾ ಒಂದು ಸುಸ್ತು ಹಾಕುತ್ತಿದ್ದೆ. ದೊಡ್ಡ ಏರ್ಪಾಡಿಗೆ ಎರಡು, ಮೂರು ಹಾಕತೊಡಗಿದ ಮೇಲೆ ಸರಿಹೋಯಿತು.

ಮೇಷ್ಟ್ರ ವಿಷಯ ಸ್ವಲ್ಪ ಕಷ್ಟವಾಯಿತು. ಬ್ಲೇಡ್ಸ್ ಪ್ಲಾನ್ ಮಾಡುತ್ತಾ ಕೂರಬೇಡಿ ಅನ್ನುತ್ತದೆ. ಮೇಷ್ಟ್ರಿಗೆ ಘಟ್ಟದ ಒಂದೊಂದು ತಿರುವೂ ಗೊತ್ತು, ಅವರ ಸುಖ ಇರುವುದೇ ದಾರಿ ಹಾಕುವುದರಲ್ಲಿ. ಆ ಸುಖ ಕಿತ್ತುಕೊಂಡು ಆಟ ಚುರುಕಾಯಿತು ಅಂದರೆ ಏನು ಬಂತು? ಹತ್ತು ನಿಮಿಷ ನಕ್ಷೆ ಹರಡಲು ಬಿಟ್ಟೆವು, ಅವರು ಹೇಳಿದ ದಾರಿ ಚೆನ್ನಾಗಿದ್ದರೆ ಶುರುವಿನ ದಾಳಕ್ಕೆ ಒಂದು ಹೆಚ್ಚು. ಪುಸ್ತಕದಲ್ಲೂ ಚೆನ್ನಾಗಿ ಯೋಚಿಸಿದ ದಾರಿಗೆ ದಾಳ ಸಿಗುತ್ತದೆ, ನಾವು ನಕ್ಷೆಗೆ ಹೊತ್ತು ಕೊಟ್ಟೆವು ಅಷ್ಟೇ.

ಬ್ಯಾಂಕಿನವರ ಕೊರತೆ ಮಾತ್ರ ತುಂಬಿಲ್ಲ. ಕಾಳಗಕ್ಕೂ ಗಡಿಯಾರ ಬರೆದೆವು, ದೋಣಿಯ ಮೇಲೆ ಮೂವರ ಎದುರು ನಿಲ್ಲುವ ದೃಶ್ಯ ಆರನೇ ಸೆಷನ್‌ನಲ್ಲಿ ಅವರಿಗೆ ಸಿಕ್ಕಿತು, ಚೆನ್ನಾಗಿಯೂ ಇತ್ತು. ಆದರೂ ಅವರು ನೇರವಾಗಿ ಹೇಳಿದರು, ಎಲ್ಲಿ ನಿಲ್ಲಬೇಕು, ಯಾವ ಏಟು ಮೊದಲು ಅಂತ ಚೌಕದ ಮೇಲೆ ಲೆಕ್ಕ ಹಾಕುವ ಮಜಾ ಇಲ್ಲಿಲ್ಲ ಅಂತ. ನಿಜ, ಇಲ್ಲ. ತಿಂಗಳಿಗೊಮ್ಮೆ ಸಂಜೆ ಅವರೇ ಡಿ ಅಂಡ್ ಡಿ ನಡೆಸುತ್ತಾರೆ, ನಾನು ಮತ್ತು ಸಾಫ್ಟ್‌ವೇರ್ ಗಂಡ ಆಡುತ್ತೇವೆ.

ಹೋದ ಭಾನುವಾರ ಅಕ್ಕನಿಗೆ ರಜೆ ಸಿಕ್ಕಿತ್ತು. ದುಭಾಷಿಯ ಬಾಯಿಯ ನಾಲ್ಕನೇ ಭಾಗ ಆವತ್ತು ತುಂಬಿತು. ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಮೊದಲ ದಿನದಿಂದಲೂ ಎಂಟು ಭಾಗದ ಇನ್ನೊಂದು ಗಡಿಯಾರ ಇದೆ, ಗೋವಾದಿಂದ ಹೊರಡುವ ಹಡಗುಗಳದ್ದು, ಅದರಲ್ಲಿ ಆರು ತುಂಬಿವೆ. ಹೊನ್ನಾವರ ಬೀಳಲೇಬೇಕಾ ಅಂತ ಅಕ್ಕ ಕೇಳಿದಳು. ಇತಿಹಾಸ ಬದಲಾದರೂ ಅಡ್ಡಿಯಿಲ್ಲ ಅಂತ ಮೇಷ್ಟ್ರೇ ಹೇಳಿದರು. ಹಾಗಾದರೆ ಹಡಗು ಬರುವ ಮುಂಚೆ ಘಟ್ಟದ ಮೇಲಿನ ಮೆಣಸೆಲ್ಲ ಇಳಿಸಬೇಕು ಅಂತ ಸಾಫ್ಟ್‌ವೇರ್ ಹೆಂಡತಿ ಪೆನ್ಸಿಲ್ ಕೈಗೆ ತಗೊಂಡಳು, ಮೇಷ್ಟ್ರು ನಕ್ಷೆ ಬಿಚ್ಚಿದರು.